ಸುದ್ದಿ ಇಟ್ಟುಕೊಂಡ ಐದು ದಿನ

ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಾವಿದ್ದ ಕಟ್ಟಡದ ಯಾರದೇ ಊರಲ್ಲಿ ಸಾವಾದರೂ ಮೊದಲ ಫೋನ್ ನನಗೆ ಬರುತ್ತಿತ್ತು. ಒಂದು ಕೋಣೆಯಲ್ಲಿ ಆರು ಜನ ಇದ್ದೆವು, ಎಲ್ಲರೂ ಉಡುಪಿ, ಕಾಪು, ಸುರತ್ಕಲ್ ಕಡೆಯವರು. ವಯಸ್ಸಿನಲ್ಲಿ ನಾನೇ ಹಿರಿಯ. ಗಲ್ಫಿನಲ್ಲಿರುವ ಮಗನಿಗೆ ತಂದೆಯೋ ತಾಯಿಯೋ ತೀರಿಕೊಂಡ ಸುದ್ದಿಯನ್ನು ಮನೆಯವರು ನೇರವಾಗಿ ಹೇಳುವುದಿಲ್ಲ. ಜೊತೆಯಲ್ಲಿರುವ ಹಿರಿಯನಿಗೆ ಹೇಳುತ್ತಾರೆ. ಅವನು ಮಗನ ಹತ್ತಿರ ಮನೆಯಲ್ಲಿ ಅವರಿಗೆ ಹುಷಾರಿಲ್ಲವಂತೆ ಎಂದಷ್ಟೇ ಹೇಳಿ, ಒಂದು ತುತ್ತು ಊಟ ಮಾಡಿಸಿ, ಕಂಪನಿಯಿಂದ ಪಾಸ್‌ಪೋರ್ಟು ಬಿಡಿಸಿ, ವಿಮಾನ ಹತ್ತಿಸಬೇಕು. ಮನೆಯಂಗಳದಲ್ಲಿ ಸೇರಿದ ಜನರನ್ನು ನೋಡಿದಾಗಲೇ ಮಗನಿಗೆ ನಿಜ ಗೊತ್ತಾಗಬೇಕು. ವಿಮಾನದಲ್ಲಿ ಅಪರಿಚಿತರ ನಡುವೆ ಕೂತು ಅವನೊಬ್ಬನೇ ಅಳಬಾರದು ಎಂಬ ಕನಿಕರ ಅದರ ಹಿಂದೆ ಇದೆ. ಕೆಲವೊಮ್ಮೆ ಮನೆಯವರು ಹಿರಿಯನಿಗೂ ಪೂರ್ತಿ ಹೇಳುವುದಿಲ್ಲ. ಆಸ್ಪತ್ರೆಯಲ್ಲಿದ್ದಾರೆ, ಕಳಿಸಿಕೊಡಿ ಎನ್ನುತ್ತಾರೆ. ಉಳಿದದ್ದನ್ನು ಅವನೇ ತಿಳಿದುಕೊಳ್ಳಬೇಕು.

ಹಾಗೆ ನಾಲ್ಕೈದು ಮಂದಿಯನ್ನು ನಾನು ಕಳಿಸಿದ್ದೆ. ಅವರಲ್ಲಿ ಒಬ್ಬನೂ ನನ್ನನ್ನು ಬೈಯಲಿಲ್ಲ. ಮರಳಿ ಬಂದಾಗ ಕೈ ಹಿಡಿದುಕೊಂಡವರಿದ್ದಾರೆ. ಈ ಕೆಲಸ ನನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ ಎಂಬ ಹೆಮ್ಮೆ ನನಗೆ ಯಾವಾಗ ಬಂತೋ ತಿಳಿಯದು.

ನಾನು ಓದಿದ್ದು ಹತ್ತನೇ ತರಗತಿ. ಮೀನುಗಾರರ ಮನೆ ನಮ್ಮದು. ದುಬೈಗೆ ಬಂದ ಮೇಲೂ ನೀರಿನ ಅಂಚು ಬಿಡಲಿಲ್ಲ. ವಿಹಾರ ದೋಣಿಗಳನ್ನು ನಿಲ್ಲಿಸುವ ಒಂದು ಸಣ್ಣ ಬಂದರಿನಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ದೋಣಿಗಳನ್ನು ಕಟ್ಟಿದೆ, ಬಿಚ್ಚಿದೆ, ತೊಳೆದೆ, ಹಾಯಿಗೆ ತೇಪೆ ಹಾಕಿದೆ. ಆ ದೋಣಿಗಳಲ್ಲಿ ಒಂದು ಅಲ್ ಬರ್ಷಾದಲ್ಲಿದ್ದ ಧಾರವಾಡ ಕಡೆಯ ಇಂಜಿನಿಯರರದು. ಐವತ್ತು ದಾಟಿದ ಮೇಲೆ ಹಾಯಿ ಬಿಡುವುದನ್ನು ಕಲಿತವರು. ಶುಕ್ರವಾರ ಅವರು ಸಮುದ್ರಕ್ಕೆ ಹೋದಾಗ ಜೊತೆಗೆ ನಾನು ಹೋಗುತ್ತಿದ್ದೆ. ಅಡುಗೆಗೆ, ಹಗ್ಗ ಹಿಡಿಯುವುದಕ್ಕೆ ನನ್ನ ಕೋಣೆಯವನೇ ಒಬ್ಬ ಬರುತ್ತಿದ್ದ. ನಲವತ್ತರ ಹತ್ತಿರದವನು, ಕಾಪು ಕಡೆಯವನು. ಅವನೂ ಅದೇ ಬಂದರಿನ ಕೆಲಸಗಾರ. ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದ. ನಮ್ಮಿಬ್ಬರ ನಡುವೆ ತುಳುವೇ ಮಾತು. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಎರಡು ಸಾವಿರದ ಹದಿಮೂರನೇ ಇಸವಿಯ ಬೇಸಿಗೆಯಲ್ಲಿ ಇಂಜಿನಿಯರರಿಗೆ ಗ್ರೀಸ್ ದೇಶದ ದ್ವೀಪಗಳ ನಡುವೆ ಮೂರು ವಾರ ಹಾಯಿದೋಣಿಯಲ್ಲಿ ತಿರುಗಬೇಕೆಂಬ ಆಸೆ ಬಂತು. ದೋಣಿ ಅಲ್ಲಿಯೇ ಬಾಡಿಗೆಗೆ ಸಿಗುತ್ತದೆ. ಹೋಗುವವರು ಅವರು, ನಾವು ಅಮ್ಮಾವರು ಎನ್ನುವ ಅವರ ಹೆಂಡತಿ, ನಾನು ಮತ್ತು ಅಡುಗೆಯವನು. ವೀಸಾಕ್ಕೆಂದು ನಾವಿಬ್ಬರೂ ಅಬುಧಾಬಿಗೆ ಹೋದಾಗ ಅವನು ಮನೆಗೆ ಫೋನ್ ಮಾಡಿ ತಾಯಿಗೆ ಸುದ್ದಿ ಹೇಳಿದ. ಮೀನು ಹಿಡಿಯಲಿಕ್ಕೆ ಅಷ್ಟು ದೂರ ಹೋಗಬೇಕಾ ಎಂದು ಆಕೆ ಕೇಳಿದರಂತೆ. ಮೀನು ಹಿಡಿಯಲಿಕ್ಕಲ್ಲ, ಸುಮ್ಮನೆ ನೋಡಲಿಕ್ಕೆ ಎಂದರೆ ಆಕೆಗೆ ಅರ್ಥವಾಗಲಿಲ್ಲ. ಅವನು ಬಸ್ಸಿನಲ್ಲಿ ದುಬೈ ಮುಟ್ಟುವವರೆಗೂ ಅದನ್ನೇ ಹೇಳಿ ನಗುತ್ತಿದ್ದ.

ಹೊರಡುವ ಮುಂಚೆ ಇಂಜಿನಿಯರರು ನಮ್ಮನ್ನು ಕೂರಿಸಿ ಒಂದು ಮಾತು ಹೇಳಿದ್ದರು.

"ನೋಡ್ರಿ, ನನ್ನ ಬೆನ್ನು ನಿಮಗ ಗೊತ್ತೇ ಐತಿ. ನೀವಿಬ್ರೂ ಅದೀರಿ ಅಂತ ನಾ ಧೈರ್ಯ ಮಾಡೇನಿ. ಇಬ್ರಾಗ ಒಬ್ಬಾವ ತಪ್ಪಿದ್ರೂ ದೋಣಿ ವಾಪಸ್ ಕೊಟ್ಟು ವಿಮಾನ ಹತ್ತೂದ."

ಅದು ಸುಳ್ಳಲ್ಲ. ಅಲ್ಲಿಯ ಬಂದರುಗಳಲ್ಲಿ ದೋಣಿಯನ್ನು ದಕ್ಕೆಗೆ, ಅಂದರೆ ದೋಣಿ ಕಟ್ಟುವ ಕಟ್ಟೆಗೆ, ಪಕ್ಕವಾಗಿ ನಿಲ್ಲಿಸುವುದಿಲ್ಲ. ದೂರದಲ್ಲಿ ಲಂಗರು ಬಿಟ್ಟು, ಹಿಂದಕ್ಕೆ ನಡೆಸುತ್ತ ಬಂದು, ಹಿಂಭಾಗವನ್ನು ದಕ್ಕೆಗೆ ಕಟ್ಟಬೇಕು. ಮುಂದೆ ಲಂಗರಿಗೆ ಒಬ್ಬ ಬೇಕು, ಹಿಂದೆ ಹಗ್ಗದೊಂದಿಗೆ ದಕ್ಕೆಗೆ ಹಾರುವವನು ಇನ್ನೊಬ್ಬ ಬೇಕು. ಲಂಗರು ನನ್ನದು, ಹಾರುವುದು ಅವನದು.

ಆ ಸಮುದ್ರದ ಬಗ್ಗೆ ಬರೆಯಲು ನನಗೆ ನಾಚಿಕೆಯಾಗುತ್ತದೆ, ಯಾಕೆಂದರೆ ನಾನು ಅಲ್ಲಿ ಅಷ್ಟು ಸುಖಪಟ್ಟೆ. ಮಧ್ಯಾಹ್ನದ ಹೊತ್ತಿಗೆ ಉತ್ತರದ ಗಾಳಿ ಏಳುತ್ತದೆ. ಎಂಜಿನ್ ನಿಲ್ಲಿಸಿ ಹಾಯಿ ಬಿಟ್ಟರೆ ನೀರು ಸೀಳುವ ಸದ್ದು ಮಾತ್ರ. ಒಂದು ದ್ವೀಪ ಹಿಂದೆ ಮಸುಕಾಗುವ ಮೊದಲೇ ಇನ್ನೊಂದು ಮುಂದೆ ಕಾಣುತ್ತದೆ. ನೀರು ಎಷ್ಟು ತಿಳಿಯೆಂದರೆ, ಲಂಗರು ಮರಳಿನಲ್ಲಿ ಹೂತದ್ದನ್ನು ಮೇಲಿಂದಲೇ ನೋಡಬಹುದು.

"ಅಣ್ಣ, ಅಡಿವರೆಗೆ ಕಾಣ್ತದೆ ಮಾರಾಯ್ರೆ," ಎಂದಿದ್ದ ಅವನು ಮೊದಲ ದಿನ. "ನಮ್ಮ ಕಡೆ ನೀರು ಹೀಗೆ ಇದ್ರೆ ಮೀನೆಲ್ಲ ನಾಚಿಕೆಯಲ್ಲೇ ಸತ್ತು ಹೋಗ್ತಿತ್ತು."

ಬಂದರು ಸೇರಿದ ಮೇಲೆ ನನಗೆ ಕೆಲಸವಿರಲಿಲ್ಲ. ಇದು ನನ್ನ ಜೀವನದಲ್ಲಿ ಹೊಸತು. ಇಷ್ಟು ವರ್ಷ ದೋಣಿಯಿಂದ ಇಳಿದು ನಡೆದುಹೋಗುವವರ ಬೆನ್ನನ್ನು ನಾನು ದಕ್ಕೆಯಲ್ಲಿ ನಿಂತು ನೋಡಿದವನು. ಈಗ ನಾನೇ ಇಳಿದು ನಡೆಯುತ್ತಿದ್ದೆ. ಸುಣ್ಣ ಬಳಿದ ಗೋಡೆಗಳ ಸಂದಿಯಲ್ಲಿ ದಾರಿ ತಪ್ಪಿ, ಮೆಟ್ಟಿಲು ಹತ್ತಿ, ಯಾರದೋ ಹಿತ್ತಲಿಗೆ ಹೋಗಿ ಮುಟ್ಟುತ್ತಿದ್ದೆ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿ ಮಲಗುತ್ತಿತ್ತು. ಬೆಕ್ಕುಗಳು ಮಾತ್ರ ಎಚ್ಚರ. ಸಂಜೆ ಊಟದ ಮೇಜಿನಲ್ಲಿ ಅಮ್ಮಾವರು ನಮ್ಮನ್ನೂ ಜೊತೆಗೆ ಕೂರಿಸಿಕೊಳ್ಳುತ್ತಿದ್ದರು. ಹಣ್ಣಿನ ಅಂಗಡಿಯ ಮುದುಕನೊಬ್ಬ ನನ್ನ ಬಿಳಿ ಗಡ್ಡ ನೋಡಿ ಅವನ ಭಾಷೆಯಲ್ಲಿ ಕಪ್ತಾನರೇ ಎಂದು ಕರೆದ. ನಾನು ತಿದ್ದಲಿಲ್ಲ.

ಎರಡನೇ ವಾರ ನಾವು ಸೀರೋಸ್ ಎಂಬ ದ್ವೀಪದಲ್ಲಿದ್ದೆವು. ಮಧ್ಯಾಹ್ನದ ಹೊತ್ತು. ಇಂಜಿನಿಯರರೂ ಅಮ್ಮಾವರೂ ಗುಡ್ಡದ ಮೇಲಿನ ಇಗರ್ಜಿ ನೋಡಲು ಹೋಗಿದ್ದರು. ಅಡುಗೆಯವನು ತರಕಾರಿಗೆ ಹೋಗಿದ್ದ. ದೋಣಿಯ ಖರ್ಚಿಗೆಂದು ಇಂಜಿನಿಯರರು ಕೊಟ್ಟಿದ್ದ ಒಂದು ಮೊಬೈಲು ನನ್ನ ಹತ್ತಿರ ಇತ್ತು. ಹೊರದೇಶದಲ್ಲಿ ನಡೆಯುವ ಫೋನು ಅದೊಂದೇ. ಅಡುಗೆಯವನ ದುಬೈ ಸಿಮ್ ಅಲ್ಲಿ ಸತ್ತು ಹೋಗಿತ್ತು. ಹೊರಡುವಾಗ ಅವನು ಮನೆಗೆ ಈ ನಂಬರನ್ನೇ ಕೊಟ್ಟಿದ್ದ.

ಫೋನ್ ಮಾಡಿದ್ದು ಅವನ ಅಕ್ಕನ ಗಂಡ. ತಾಯಿಗೆ ಹುಷಾರಿಲ್ಲ, ಉಡುಪಿಯ ಆಸ್ಪತ್ರೆಗೆ ಸೇರಿಸಿದ್ದೇವೆ, ಮಗನನ್ನು ಕೇಳುತ್ತಿದ್ದಾರೆ, ಹೇಗಾದರೂ ಕಳಿಸಿಕೊಡಿ ಎಂದರು. ನಾನು ಹಿಂದೆ ಎಷ್ಟೋ ಸಲ ಕೇಳಿದ, ಬೇರೆಯವರಿಗೆ ನಾನೇ ಹೇಳಿದ ಮಾತುಗಳು. ಅವು ಬಂದ ಕ್ರಮವೂ ಅದೇ. ಮುಗಿದಿದೆ ಎಂದು ನಾನು ಕೂಡಲೇ ತೀರ್ಮಾನಿಸಿದೆ. ಆಕೆ ತೀರಿಕೊಂಡಾಗಿದೆ, ಇದು ಅದನ್ನು ಹೇಳುವ ರೀತಿ.

"ಕಳಿಸ್ತೇನೆ," ಎಂದೆ. "ನೀವು ಧೈರ್ಯದಲ್ಲಿರಿ. ಇವತ್ತೇ ಹೊರಡಿಸ್ತೇನೆ."

ನಾನು ಕೂತಲ್ಲಿಂದ ಅಥೆನ್ಸಿಗೆ ಹೋಗುವ ದೊಡ್ಡ ಬಿಳಿ ಹಡಗು ಕಾಣುತ್ತಿತ್ತು. ಅದರ ಹಿಂದಿನ ಬಾಗಿಲು ತೆರೆದಿತ್ತು, ಲಾರಿಗಳು ಒಳಗೆ ಹೋಗುತ್ತಿದ್ದವು. ಅದರಲ್ಲಿ ಹತ್ತಿದ್ದರೆ ಅವನು ಆ ಸಂಜೆಯೇ ಅಥೆನ್ಸ್, ಮರುದಿನ ದುಬೈ, ಅದರ ಮರುದಿನ ಮನೆ. ನಾನು ಲೆಕ್ಕ ಹಾಕಿದ್ದು ನೆನಪಿದೆ. ಅವನನ್ನು ಹತ್ತಿಸಿದರೆ ನಾಳೆ ಬೆಳಿಗ್ಗೆ ದೋಣಿ ವಾಪಸ್, ನಾಡಿದ್ದು ನಾನು ನನ್ನ ಬಂದರಿನಲ್ಲಿ ಪೈಪು ಹಿಡಿದು ಇನ್ನೊಬ್ಬರ ದೋಣಿ ತೊಳೆಯುತ್ತಿರುತ್ತೇನೆ ಎಂಬುದನ್ನೂ ಲೆಕ್ಕ ಹಾಕಿದೆ. ತಾಯಿಯಂತೂ ಹೋಗಿದ್ದಾರೆ, ಇವನು ತಲುಪುವಾಗ ದಹನ ಮುಗಿದೇ ಇರುತ್ತದೆ; ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಹದಿಮೂರು ದಿನವಿದೆ, ಐದಾರು ದಿನ ಬಿಟ್ಟು ಕಳಿಸಿದರೂ ಅದಕ್ಕೆ ಮುಟ್ಟುತ್ತಾನೆ ಎಂದುಕೊಂಡೆ. ಅವನೂ ಅಷ್ಟು ದಿನ ನಗುತ್ತಿರಲಿ ಎಂದು ಇದಕ್ಕೆ ಕರುಣೆಯ ಹೆಸರನ್ನೂ ಕೊಟ್ಟೆ.

ತಿರುಗಿ ಒಂದು ಫೋನ್ ಮಾಡಿ, ನಿಜ ಹೇಳಿ, ಆಕೆ ಇದ್ದಾರಾ ಎಂದು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಮರೆತು ಅಲ್ಲ. ಇದ್ದಾರೆ ಎಂಬ ಉತ್ತರ ಬರುವುದು ನನಗೆ ಬೇಡವಾಗಿತ್ತು. ಹಡಗು ಬಾಗಿಲು ಮುಚ್ಚಿಕೊಂಡು ಹೊರಟ ಮೇಲೆ ಮೊಬೈಲನ್ನು ಆಫ್ ಮಾಡಿ ಸಮುದ್ರದ ನಕ್ಷೆಗಳ ಪೆಟ್ಟಿಗೆಯಲ್ಲಿ ಇಟ್ಟೆ. ಅವನು ಬದನೆಕಾಯಿ, ಟೊಮ್ಯಾಟೊ ಹಿಡಿದುಕೊಂಡು ಬಂದ. ಅಂಗಡಿಯವಳು ತನ್ನನ್ನು ಮದುವೆಯಾಗಿದೆಯಾ ಎಂದು ಕೈಸನ್ನೆಯಲ್ಲಿ ಕೇಳಿದಳು ಎಂದು ಹೇಳಿ ನಗಿಸಿದ. ನಾನು ನಕ್ಕೆ.

ಮರುದಿನ ಪಾರೋಸ್ ದ್ವೀಪಕ್ಕೆ ಹೋದೆವು. ಗಾಳಿ ಜೋರಾಗಿ ಅಲ್ಲಿ ಎರಡು ದಿನ ನಿಲ್ಲಬೇಕಾಯಿತು. ಎರಡನೇ ದಿನ ಅವನು ನನ್ನ ಹತ್ತಿರ ಬಂದ. ಅಮ್ಮಾವರ ಹಳೆಯ ಕ್ಯಾಮೆರಾ ಕೈಯಲ್ಲಿತ್ತು. ತಾಯಿಗೆ ತೋರಿಸಲೆಂದು ನೀಲಿ ಬಾಗಿಲಿನ ಮುಂದೆ, ಕತ್ತೆಯ ಮುಂದೆ, ದೋಣಿಯ ಚುಕ್ಕಾಣಿ ಹಿಡಿದು ಫೋಟೊ ತೆಗೆಸಿಕೊಂಡಿದ್ದ. ಅರ್ಧಕ್ಕರ್ಧ ತೆಗೆದವನು ನಾನೇ.

"ಅಣ್ಣ, ಇವತ್ತು ಆದಿತ್ಯವಾರ ಅಲ್ವಾ. ಅಮ್ಮನಿಗೆ ಒಂದು ಫೋನ್ ಹಾಕುವ. ಎರಡೇ ನಿಮಿಷ. ದುಡ್ಡು ನಾನು ಸರ್‌ಗೆ ಕೊಡ್ತೇನೆ."

"ಅದು ಚಾರ್ಜ್ ಆಗುದಿಲ್ಲ ಮಾರಾಯ, ಕೆಟ್ಟಿದೆ ಕಾಣ್ತದೆ," ಎಂದೆ. "ದುಬೈಗೆ ಹೋಗಿ ಒಟ್ಟಿಗೆ ಅರ್ಧ ಗಂಟೆ ಮಾತಾಡು."

"ಅವಳು ಕಾಯ್ತಾಳೆ, ಅಷ್ಟೇ," ಎಂದು ಅವನು ಅಡುಗೆಗೆ ಹೋದ.

ನನ್ನ ಜೀವನದಲ್ಲಿ ನಾನು ಆಡಿದ ಸುಳ್ಳುಗಳಲ್ಲಿ ಇಷ್ಟು ಸಲೀಸಾಗಿ ಬಂದದ್ದು ಇನ್ನೊಂದಿಲ್ಲ. ಆ ಸಂಜೆ ಪೇಟೆಗೆ ಹೋದೆ. ಹಗ್ಗದಲ್ಲಿ ಒಣಹಾಕಿದ ಆಕ್ಟೋಪಸ್‌ಗಳನ್ನೂ, ಮೀನುಗಾರರು ಹಳದಿ ಬಲೆ ಹೊಲಿಯುವುದನ್ನೂ ನೋಡಿದೆ. ಕಣ್ಣು ನೋಡುತ್ತಿತ್ತು, ರುಚಿ ಹೋಗಿತ್ತು. ಯಾವುದಕ್ಕಾಗಿ ಸುದ್ದಿ ಮುಚ್ಚಿಟ್ಟೆನೋ ಅದನ್ನೂ ಅನುಭವಿಸಲಾಗಲಿಲ್ಲ. ಆದರೂ ಹೇಳಲಿಲ್ಲ. ಒಂದು ದಿನ ತಡವಾಗಿ ಹೇಳುವುದು ಕಷ್ಟ, ಎರಡು ದಿನ ತಡವಾದ ಮೇಲೆ ಇನ್ನೂ ಕಷ್ಟ. ದಿನ ಹೋದ ಹಾಗೆ ನನ್ನನ್ನು ಉಳಿಸಿಕೊಳ್ಳುವುದೇ ಕೆಲಸವಾಯಿತು.

ನಾಲ್ಕನೇ ದಿನ ನಾಕ್ಸೋಸ್ ತಲುಪಿದೆವು. ಐದನೇ ದಿನ ಬೆಳಿಗ್ಗೆ ಲಂಗರಿನ ಯಂತ್ರ ಕೈಕೊಟ್ಟಿತು. ದೋಣಿ ಕೊಟ್ಟವರಿಗೆ ಫೋನ್ ಮಾಡಬೇಕು, ಮೊಬೈಲು ತನ್ನಿ ಎಂದರು ಇಂಜಿನಿಯರರು. ತಂದು ಆನ್ ಮಾಡಿದೆ. ಅವರು ಮಾತಾಡಿ ಮುಗಿಸಿ ನನ್ನ ಕೈಗೆ ಕೊಟ್ಟ ಸ್ವಲ್ಪ ಹೊತ್ತಿನಲ್ಲಿ ಅದು ಬಡಿಯಿತು.

ಅಡುಗೆಯವನ ಭಾವ ಅಳುತ್ತಿದ್ದರು. ತಾಯಿ ಆ ಬೆಳಗಿನ ಜಾವ ತೀರಿಕೊಂಡಿದ್ದರು. ಐದು ದಿನ ಮಾತು ಸ್ಪಷ್ಟ ಇತ್ತಂತೆ. ನೀವು ಕಳಿಸ್ತೇನೆ ಅಂದಿರಿ, ಅವನು ಎಲ್ಲಿ ಎಂದು ಭಾವ ಕೇಳಿದರು. ಬರುತ್ತಾನೆ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಇಂಜಿನಿಯರರಿಗೆ ಹೇಳಿದೆ, ಈಗಷ್ಟೇ ಸುದ್ದಿ ಬಂತು ಎಂಬಂತೆ. ಅವರು ಒಂದು ಕ್ಷಣವೂ ತಡಮಾಡಲಿಲ್ಲ.

"ಮೊದಲ ಅವನ ಟಿಕೆಟ್ ಮಾಡೂಣು. ದೋಣಿ ಹಾಳಾಗಿ ಹೋಗ್ಲಿ, ತಾಯಿ ಅಂದ್ರ ಸಣ್ಣ ಮಾತೇನ್ರಿ?"

ಐದು ದಿನ ಮೊದಲು ಹೇಳಿದ್ದರೂ ಅವರು ಇದನ್ನೇ ಹೇಳುತ್ತಿದ್ದರು ಎಂದು ನನಗೆ ಆಗ ಅರ್ಥವಾಯಿತು. ಯಜಮಾನರಿಗೆ ಹೆದರಿದೆ ಎಂಬ ನೆಪವೂ ನನಗೆ ಉಳಿಯಲಿಲ್ಲ. ಅಡುಗೆಯವನ ಹತ್ತಿರ, ಮೊಬೈಲು ಹೇಗೋ ಸರಿಯಾಯಿತು, ಊರಿಂದ ಫೋನ್ ಬಂತು, ತಾಯಿಗೆ ಹುಷಾರಿಲ್ಲವಂತೆ ಎಂದೆ. ಹಳೆಯ ಕ್ರಮದಲ್ಲಿಯೇ. ಅವನು ನನ್ನ ಮುಖ ನೋಡಿದ. ಕೋಣೆಯಲ್ಲಿ ನಾನು ಬೇರೆಯವರನ್ನು ಕಳಿಸಿದ್ದನ್ನು ಕಂಡವನಲ್ಲವೇ. ಏನೂ ಕೇಳದೆ ಬಟ್ಟೆ ತುಂಬಿಸಿದ. ಹಡಗಿನ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದು, ನೀವು ಇದ್ದದ್ದು ಒಳ್ಳೆಯದಾಯಿತು ಅಣ್ಣ ಎಂದ.

ಬೊಜ್ಜ ಮುಗಿಸಿ ಅವನು ದುಬೈಗೆ ಬಂದ ದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಊರಿನಲ್ಲಿ ಏನಾಯಿತೆಂದು ಹೇಳಿದ. ಐದು ದಿನ ಮೊದಲೇ ಫೋನ್ ಮಾಡಿದ್ದೆ ಎಂದು ಭಾವ ಎಲ್ಲರ ಎದುರು ಆಣೆ ಇಟ್ಟು ಹೇಳಿದರಂತೆ. ಮನೆಯ ಪಾಲಿನ ವಿಷಯದಲ್ಲಿ ಭಾವನಿಗೂ ಇವನಿಗೂ ಮೊದಲೇ ಬಿಸಿ ಇತ್ತು. ಬೇಕೆಂದೇ ತಡಮಾಡಿದರು ಎಂದು ನೆಂಟರು ಮಾತಾಡಿಕೊಂಡರು. ಅಕ್ಕನೂ ಗಂಡನನ್ನು ನಂಬಲಿಲ್ಲ.

"ನಾನೇ ಹೇಳಿದೆ," ಎಂದ ಅವನು. "ಅಣ್ಣನಿಗೆ ಗೊತ್ತಾಗಿದ್ರೆ ಆ ದಿನವೇ ಕಳಿಸ್ತಿದ್ರು, ನೀವು ಮಾಡ್ಲೇ ಇಲ್ಲ ಅಂತ. ಭಾವ ಮೊದಲು ಫೋನ್ ಮಾಡಿದ್ದು ಹೌದಾ ಅಣ್ಣ?"

ಆಗ ಹೇಳಬಹುದಿತ್ತು.

"ಒಂದು ಸಲ ಬಂದಿತ್ತು," ಎಂದೆ. "ಲೈನ್ ಸರಿ ಇರ್ಲಿಲ್ಲ. ಎಂತ ಹೇಳಿದ್ರು ಅಂತ ಗೊತ್ತಾಗ್ಲಿಲ್ಲ."

ಅವನು ತಲೆಯಾಡಿಸಿದ. ಸುದ್ದಿ ಮುಚ್ಚಿಟ್ಟದ್ದಕ್ಕಿಂತ ಇದು ದೊಡ್ಡದೆಂದು ಈಗ ನನಗೆ ಅನ್ನಿಸುತ್ತದೆ. ಅಲ್ಲಿ ನಾನು ತಪ್ಪು ತಿಳಿದಿದ್ದೆ ಎಂದಾದರೂ ಹೇಳಬಹುದು. ಇಲ್ಲಿ ಒಬ್ಬ ಮನುಷ್ಯ ನಿಜ ಹೇಳಿದ್ದನೆಂದು ಗೊತ್ತಿದ್ದೂ ಅವನನ್ನು ಸುಳ್ಳನನ್ನಾಗಿ ಮಾಡಿದೆ.

ಮುಂದೆ ಎರಡು ವರ್ಷ ನಾವು ಅದೇ ಕೋಣೆಯಲ್ಲಿದ್ದೆವು. ನನಗೆ ಜ್ವರ ಬಂದಾಗ ಗಂಜಿ ಮಾಡಿದವನು ಅವನು, ಮಂಡಿ ಊದಿಕೊಂಡಾಗ ಕ್ಲಿನಿಕ್ಕಿಗೆ ಕರೆದುಕೊಂಡು ಹೋದವನೂ ಅವನೇ. ಊರಿನಿಂದ ಬೇರೆಯವರ ಸುದ್ದಿ ಬಂದರೆ ಕೋಣೆಯವರು ನನ್ನ ಕಡೆಗೇ ಫೋನ್ ದಾಟಿಸುತ್ತಿದ್ದರು. ನಾನು ಬೇಡವೆಂದು ಕೈ ಆಡಿಸಿದರೆ ವಯಸ್ಸಾಯಿತು ಎಂದುಕೊಂಡರು. ಆಮೇಲೆ ಅವನಿಗೆ ಅಬುಧಾಬಿಯಲ್ಲಿ ಹಮ್ದಾನ್ ಸ್ಟ್ರೀಟ್‌ನ ಒಂದು ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಅವನು ಹೋದಾಗ ನನಗೆ ಹಗುರವಾಯಿತು. ಅದಕ್ಕೂ ನನಗೆ ನಾಚಿಕೆ.

ಹತ್ತೊಂಬತ್ತರಲ್ಲಿ ನನ್ನ ವೀಸಾ ಕ್ಯಾನ್ಸಲ್ ಆಯಿತು. ಊರಿಗೆ ಹೊರಡುವ ವಾರ ಅಬುಧಾಬಿಯ ಬಸ್ ಹತ್ತಿದೆ. ಅವನ ಮಧ್ಯಾಹ್ನದ ಬಿಡುವಿನಲ್ಲಿ ಹೋಟೆಲಿನ ಹಿಂದಿನ ಕೆಫೆಟೇರಿಯಾದಲ್ಲಿ ಕೂತೆವು. ಅವನು ಎರಡು ಕಡಕ್ ಚಾ ಹೇಳಿ, ಊರಿಗೆ ಹೋಗುವ ಸಂಭ್ರಮ ಮುಖದಲ್ಲಿ ಕಾಣುವುದಿಲ್ಲವಲ್ಲ ಅಣ್ಣ, ಅತ್ತಿಗೆಯ ಹೆದರಿಕೆಯಾ ಎಂದು ನನ್ನ ಹೆಂಡತಿಯ ಹೆಸರಿನಲ್ಲಿ ತಮಾಷೆ ಮಾಡಿದ. ನಾನು ನಗದೆ ಎಲ್ಲವನ್ನೂ ಹೇಳಿದೆ. ಸೀರೋಸಿನ ಹಡಗು, ಆಫ್ ಮಾಡಿದ ಮೊಬೈಲು, ಆದಿತ್ಯವಾರ, ಕೋಣೆಯಲ್ಲಿ ಆಡಿದ ಸುಳ್ಳು. ಹೇಳುವಾಗ ಅವನ ಮುಖ ನೋಡಲಿಲ್ಲ.

ಕೊನೆಗೆ ಅವನು ಕೇಳಿದ:

"ಆ ಐದು ದಿನ ನಾನು ಎಂತ ಮಾಡ್ತಿದ್ದೆ?"

ಹೇಳಿದೆ. ಮೊದಲ ದಿನ ಬದನೆಕಾಯಿ ಗೊಜ್ಜು ಮಾಡಿದ್ದಿ. ಎರಡನೇ ದಿನ ಪಾರೋಸಿನಲ್ಲಿ ದಕ್ಕೆಗೆ ಹಾರುವಾಗ ಕಾಲು ಜಾರಿ ನೀರಿಗೆ ಬಿದ್ದು ಎಲ್ಲರನ್ನೂ ನಗಿಸಿದ್ದಿ. ಮೂರನೇ ದಿನ ಫೋಟೊ. ನಾಲ್ಕನೇ ದಿನ ಹಾಯಿಯ ಅಡಿಯಲ್ಲಿ ಮಲಗಿ ಹಾಡುತ್ತಿದ್ದಿ. ಒಂದೂ ಮರೆತಿರಲಿಲ್ಲ ನನಗೆ.

"ಮಗ ಹೊರಟಿದ್ದಾನೆ, ದಾರಿಯಲ್ಲಿದ್ದಾನೆ ಅಂತ ಭಾವ ಅಮ್ಮನಿಗೆ ಹೇಳಿದ್ರಂತೆ," ಎಂದ ಅವನು. "ನೀವು ಕಳಿಸ್ತೇನೆ ಅಂದದ್ದಕ್ಕೆ. ಐದು ದಿನವೂ ಅದನ್ನೇ ಹೇಳಿದ್ರಂತೆ. ನಾನು ನಂಬಲಿಲ್ಲ."

ಕ್ಷಮಿಸು ಎಂದೆ. ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ.

"ನನ್ನ ಹತ್ರ ಹೇಳಿ ನಿಮ್ಮ ಭಾರ ಇಳಿಯಿತು. ಅಕ್ಕ ಆರು ವರ್ಷದಿಂದ ಭಾವನ ಹತ್ರ ಸರಿ ಮಾತಾಡುದಿಲ್ಲ. ಅನ್ನ ಬಡಿಸಿ ಒಳಗೆ ಹೋಗ್ತಾಳೆ. ಅವರಿಗೆ ನಾನು ಹೇಳುದಿಲ್ಲ. ನೀವೇ ಹೇಳ್ಬೇಕು."

ಊರಿಗೆ ಹೋದ ಕೂಡಲೇ ಅವರ ಮನೆಗೆ ಹೋಗಿ ಹೇಳುತ್ತೇನೆ ಎಂದೆ.

"ಹೋದ ಮೇಲೆ ಬೇಡ," ಎಂದ. "ಈಗ."

ತನ್ನ ಮೊಬೈಲಿನಲ್ಲಿ ನಂಬರು ಒತ್ತಿ ನನ್ನ ಕೈಯಲ್ಲಿಟ್ಟ. ಆಚೆ ಬದಿಯಲ್ಲಿ ಅಕ್ಕ ಎತ್ತಿದರು. ತಮ್ಮನೆಂದೇ ತಿಳಿದು, ಇಷ್ಟು ಹೊತ್ತಿಗೆ ಬಿಡುವು ಸಿಕ್ಕಿತಾ ಎಂದು ಕೇಳಿದರು. ನಾನು ಯಾರೆಂದು ಹೇಳಿದೆ. ನಿಮ್ಮ ಯಜಮಾನರು ಅಂದು ಫೋನ್ ಮಾಡಿದ್ದು ನಿಜ, ನನಗೆ ಪ್ರತಿ ಮಾತೂ ಸರಿಯಾಗಿ ಕೇಳಿಸಿತ್ತು, ಅವನನ್ನು ಕಳಿಸದೆ ಇದ್ದವನು ನಾನು, ಆಮೇಲೆ ಸುಳ್ಳು ಹೇಳಿದವನೂ ನಾನು ಎಂದೆ. ಸುತ್ತಿ ಬಳಸದೆ ಹೇಳಿದೆ. ಮೇಜಿನ ಆಚೆ ಅವನು ಕಿಟಕಿಯಿಂದ ಬೀದಿ ನೋಡುತ್ತಿದ್ದ.

ಆಕೆ ಬೈಯಬಹುದು, ಅಳಬಹುದು ಎಂದು ಕಾದೆ. ಆಕೆ ಬಹಳ ಸಣ್ಣ ಸ್ವರದಲ್ಲಿ, "ನಿಲ್ಲಿ, ಅವರಿಗೇ ಕೊಡ್ತೇನೆ" ಎಂದರು. ಆಕೆ ಗಂಡನನ್ನು ಕರೆದದ್ದು ಕೇಳಿಸಿತು. ಕುರ್ಚಿ ಎಳೆದ ಸದ್ದು, ನಿಧಾನವಾಗಿ ಬರುವ ಹೆಜ್ಜೆ, ಒಂದು ಕೆಮ್ಮು.

"ಯಾರು?" ಎಂದರು ಅವರು.

ನಾನು ಮತ್ತೆ ಮೊದಲಿನಿಂದ ಹೇಳತೊಡಗಿದೆ.